ಸೀನ್ಯದಲ್ಲೊಂದು ನಿಲುಗಡೆ

ಜಲಪಾತ ಬೇಡವೆಂದು ವಿಚ್ಕೊ ಹೇಳಿದ್ದು ಅದೇ ಮೊದಲಲ್ಲ. ಆದರೆ ಕಾರು ಬಾಡಿಗೆಯ ಆ ಸಣ್ಣ ಕಚೇರಿಯಲ್ಲಿ ಕುಳಿತಿದ್ದ ನೀವೆಸ್ ಎಂಬ ಹುಡುಗಿ ಪ್ರತಿ ಸಲವೂ ಅದನ್ನು ಹೊಸದಾಗಿ ಕೇಳಿದವಳಂತೆ ತಲೆಯಾಡಿಸಿ, ಕಂಪ್ಯೂಟರಿನ ಪರದೆಯನ್ನು ಮತ್ತೆ ಅವನ ಕಡೆಗೆ ತಿರುಗಿಸುತ್ತಿದ್ದಳು. ಸ್ಪ್ಲಿಟ್‌ನಿಂದ ಜಾಗ್ರೆಬ್‌ಗೆ ಖಾಸಗಿ ಕಾರು; ದಾರಿಯಲ್ಲಿ ನೋಡತಕ್ಕ ಸ್ಥಳವೊಂದರಲ್ಲಿ ಒಂದು ಗಂಟೆಯ ನಿಲುಗಡೆ. ಸ್ಥಳವನ್ನು ಪ್ರಯಾಣಿಕರೇ ಆರಿಸಿಕೊಳ್ಳಬಹುದು. ಕ್ರ್ಕಾ ನದಿಯ ಜಲಪಾತವಿತ್ತು, ಪ್ಲಿಟ್ವಿಟ್ಸೆಯ ಸರೋವರಗಳಿದ್ದವು, ಜಾದರ್‌ನ ಕಡಲದಂಡೆಯಿತ್ತು. ಸೀನ್ಯ ಮಾತ್ರ ಇರಲಿಲ್ಲ.

"ಸೀನ್ಯದಲ್ಲಿ ನೋಡೋಕೆ ಏನಿದೆ ಬಾರ್ಬಾ? ಕುದುರೆ ಪಂದ್ಯ ಆಗ್ಲೇ ಮುಗ್ದೋಯ್ತಲ್ಲ" ಎಂದಳು ನೀವೆಸ್. ಆ ಕರಾವಳಿಯಲ್ಲಿ ವಯಸ್ಸಾದ ಗಂಡಸರೆಲ್ಲ ಎಲ್ಲರಿಗೂ ಬಾರ್ಬಾ, ಅಂದರೆ ಮಾವ.

"ನೋಡೋಕಲ್ಲ ಮಗಳೇ, ಕೊಡೋಕೆ" ಎಂದ ವಿಚ್ಕೊ.

ಕೊಡಬೇಕಾಗಿದ್ದದ್ದು ಅವನ ಹೆಂಡತಿಯ ಕಿವಿಯೋಲೆ. ಹೆಸರು ಫಿಲೊಮೆನಾ, ಬೀದಿಯವರ ಬಾಯಲ್ಲಿ ಮೇನ. ಅವರ ಒಬ್ಬಳೇ ಮಗಳು ಯೆಲ್ಕಾಳನ್ನು ಜಾಗ್ರೆಬ್‌ಗೆ ಕೊಟ್ಟಿತ್ತು. ಮದುವೆಯಾಗಿ ಬಹುಕಾಲವಾದರೂ ಅವಳ ಮಡಿಲು ತುಂಬಿರಲಿಲ್ಲ. ವೈದ್ಯರು ಕೈಚೆಲ್ಲಿದ ದಿನ ಮೇನ ಯಾರಿಗೂ ಹೇಳದೆ ಹರಕೆ ಹೊತ್ತಳು. ಮಗಳಿಗೆ ಕೂಸಾದರೆ ಮಹಾಮಾತೆಯ ಹಬ್ಬದ ದಿನ ಸೀನ್ಯದ ಗುಡಿಗೆ ಬರಿಗಾಲಲ್ಲಿ ನಡೆದುಹೋಗಿ, ತನ್ನ ತಾಯಿ ಕೊಟ್ಟ ಚಿನ್ನದ ಓಲೆಗಳನ್ನು ಮಾತೆಯ ಮುಂದೆ ಇಡುತ್ತೇನೆ. ಅವನ್ನು ಕೂಸಿನ ತಲೆಗೆ ಜ್ಞಾನಸ್ನಾನದ ನೀರು ಬೀಳುವ ಮೊದಲೇ ಇಡುತ್ತೇನೆ ಎಂದು. ಮಾತೆ ಕೊಟ್ಟಳು. ಕ್ರಿಸ್ಮಸ್ ಹೊತ್ತಿಗೆ ಹೆಣ್ಣುಕೂಸು ಹುಟ್ಟಿತು. ಮೇನ ಅದನ್ನು ಎತ್ತಿ ಆಡಿಸಿದಳು. ಆಮೇಲೆ ಉಪವಾಸದ ತಿಂಗಳಲ್ಲಿ ಒಂದು ಜ್ವರ ಬಂತು, ಅವಳನ್ನು ಕರೆದುಕೊಂಡು ಹೋಯಿತು. ಹೋಗುವ ಮೊದಲು ಓಲೆ ಬಿಚ್ಚಿ ಗಂಡನ ಅಂಗೈಯಲ್ಲಿಟ್ಟಳು. ಏನು ಮಾಡಬೇಕೆಂದು ಅವನಿಗೆ ಹೇಳಬೇಕಾಗಿರಲಿಲ್ಲ.

ಜ್ಞಾನಸ್ನಾನ ಭಾನುವಾರ ಜಾಗ್ರೆಬ್‌ನಲ್ಲಿ. ಹಬ್ಬ ಅದರ ಹಿಂದಿನ ದಿನ. ಹಡಗುಕಟ್ಟೆಯಲ್ಲಿ ಬಗ್ಗಿ ಬಗ್ಗಿ ಬೆಸುಗೆ ಹಾಕಿದ ವಿಚ್ಕೊನ ಸೊಂಟ ಈಗ ಮೀನಿನ ಸಂತೆಗೆ ಹೋಗಿ ಬರುವುದಕ್ಕೇ ದಣಿಯುತ್ತಿತ್ತು. ಸೀನ್ಯಕ್ಕೆ ನಡೆಯುವ ಮಾತೇ ಇಲ್ಲ. ಆಗಸ್ಟ್ ತಿಂಗಳಾದ್ದರಿಂದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಇದ್ದರೂ ಅವು ಹೆದ್ದಾರಿ ಹಿಡಿದು ಹೋಗುವಂಥವು. ಹೀಗಾಗಿ ಯೆಲ್ಕಾ ಹುಡುಕಿಕೊಟ್ಟದ್ದು ಈ ಕಾರು. ದಾರಿಯಲ್ಲಿ ನಿಲ್ಲಿಸುತ್ತಾರೆ ಅಪ್ಪ, ಎಲ್ಲಿ ಬೇಕಾದರೂ ಕೇಳು ಎಂದಿದ್ದಳು.

ಎಲ್ಲಿ ಬೇಕಾದರೂ ಎಂಬುದು ಸುಳ್ಳಾಗಿತ್ತು. ನೀವೆಸ್ ಒಳ್ಳೆಯ ಹುಡುಗಿಯೇ. ಅವನ ಎದುರಿಗೇ ಜಾಗ್ರೆಬ್‌ನ ಮುಖ್ಯ ಕಚೇರಿಗೆ ಫೋನು ಮಾಡಿದಳು. ಆ ಕಡೆಯ ಗಂಡಸಿನ ದನಿ ವಿಚ್ಕೊಗೂ ಕೇಳಿಸುತ್ತಿತ್ತು. ಆ ಊರು ನಮ್ಮಲ್ಲಿಲ್ಲ, ಇಲ್ಲದ ಊರಿಗೆ ಕಾರು ಹೋದರೆ ವಿಮೆ ನಡೆಯುವುದಿಲ್ಲ, ಪ್ರಯಾಣಿಕರು ವಯಸ್ಸಾದವರಾದರೆ ಜಲಪಾತದ ಬಳಿ ಕೂರಲು ಒಳ್ಳೆಯ ಬೆಂಚುಗಳಿವೆ ಎಂದಿತು ಆ ದನಿ. ಮುನ್ನೂರು ವರ್ಷಗಳಿಂದ ಜನ ಮೊಣಕಾಲೂರಿಕೊಂಡು ಹೋಗುವ ಊರು ಇವರಲ್ಲಿ ಇಲ್ಲವಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ; ಇಲ್ಲಿ ಪೂಜಾರಿಯವರೆಗೂ ಹೋಗಲು ಗಾಡಿಯವನು ಬಿಡುತ್ತಿರಲಿಲ್ಲ. ನನಗೆ ಬೆಂಚು ಬೇಕಾದರೆ ನಮ್ಮ ಮನೆ ಮುಂದೆಯೇ ಇದೆ ಎಂದು ವಿಚ್ಕೊ ಗಟ್ಟಿಯಾಗಿಯೇ ಹೇಳಿದ. ಆ ಕಡೆಯವನು ಆಗಲೇ ಫೋನು ಇಟ್ಟಿದ್ದ.

ನೀವೆಸ್ ಎದ್ದುಹೋಗಿ ಪಕ್ಕದ ಅಂಗಡಿಯಿಂದ ಎರಡು ಕಾಫಿ ತಂದಳು. ಆ ಊರಿನಲ್ಲಿ ಕಾಫಿ ಬಂತೆಂದರೆ ಕೆಲಸ ಆಗುವ ಹಾಗೆ ಎಂದು ವಿಚ್ಕೊಗೆ ಗೊತ್ತಿತ್ತು. ಅವಳು ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು. "ನಾನು ಕ್ರ್ಕಾ ಅಂತಾನೇ ಹಾಕಿರ್ತೀನಿ ಬಾರ್ಬಾ. ಹೊರಡೋ ದಿನ ಬೆಳಿಗ್ಗೆ ಡ್ರೈವರ್ ಬಂದಾಗ ನೀವೇ ಒಂದು ಮಾತು ಹೇಳ್ಕೊಳ್ಳಿ. ಏನಾದ್ರೂ ತಕರಾರು ತೆಗೆದ್ರೆ ನನಗೆ ಫೋನ್ ಮಾಡ್ಸಿ."

ವಿಚ್ಕೊನ ಮನಸ್ಸು ತಣ್ಣಗಾಯಿತು. ಅವನ ಬದುಕಿನಲ್ಲಿ ನೆಟ್ಟಗಾದ ಕೆಲಸಗಳೆಲ್ಲ ಹೀಗೇ ಆಗಿದ್ದವು. ಮನೆ ಸಿಕ್ಕಿದ್ದು, ಟೆಲಿಫೋನು ಬಂದದ್ದು, ಕೊನೆಗೆ ಮೇನಳಿಗೆ ಆಸ್ಪತ್ರೆಯಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಸಿಕ್ಕಿದ್ದು, ಎಲ್ಲವೂ ಕಾಫಿಯ ಮೇಲೆ ಪಿಸುಮಾತಿನಲ್ಲೇ. ಬರೆಯುವುದು ಬೇರೆ, ನಡೆಯುವುದು ಬೇರೆ. ಮಾತೆಯ ಹರಕೆಯನ್ನು ಸುಳ್ಳಿನ ಮೇಲೆ ಕೂರಿಸಿ ಒಯ್ಯುವುದು ಸರಿಯೇ ಎಂಬ ಸಣ್ಣ ಮುಳ್ಳೊಂದು ಚುಚ್ಚಿತು. ಹಬ್ಬಕ್ಕೆ ಮುನ್ನ ಪಾಪನಿವೇದನೆಗೆ ಹೋದಾಗ ಹೇಳಿಕೊಂಡರಾಯಿತು ಎಂದುಕೊಂಡ. ಹೇಳಿಕೊಂಡ ಕೂಡ. ಗುರುಗಳು ನಕ್ಕುಬಿಟ್ಟರು.

ಹಬ್ಬದ ಬೆಳಿಗ್ಗೆ ಕಪ್ಪು ಕಾರು ಬಂದು ನಿಂತಾಗ ವಿಚ್ಕೊ ಆಗಲೇ ಮೆಟ್ಟಿಲಿಳಿದು ನಿಂತಿದ್ದ. ಆ ಬಿಸಿಲಿನಲ್ಲೂ ಕಪ್ಪು ಸೂಟು ತೊಟ್ಟಿದ್ದ. ಅದರ ಒಳಜೇಬಿನಲ್ಲಿ ಮೇನಳ ಕರವಸ್ತ್ರದಲ್ಲಿ ಸುತ್ತಿದ ಓಲೆಗಳು. ಡ್ರೈವರನ ಹೆಸರು ಬ್ಲಾಜ್. ಬಯಲುಸೀಮೆ ಸ್ಲಾವೋನಿಯದವನು, ಬೇಸಗೆಯ ದುಡಿಮೆಗೆಂದು ಕಡಲತಡಿಗೆ ಇಳಿದುಬಂದವನು. ಕೆಂಪು ಮುಖದ, ಮೆದು ಮಾತಿನ, ಎಲ್ಲದಕ್ಕೂ "ಆಗ್ಲಿ ಸ್ವಾಮಿ" ಅನ್ನುವ ಮನುಷ್ಯ. ಸೀನ್ಯ ಎಂದಾಗ ಮಾತ್ರ ಆಗಲಿ ಎನ್ನಲಿಲ್ಲ.

ಕ್ರ್ಕಾ ಎಂದು ಬಂದಿದೆ, ಕ್ರ್ಕಾಕ್ಕೇ ಹೋಗಬೇಕು ಎಂದ. ಕಾರಿನ ಗಾಜಿನ ಕೆಳಗೆ ಮಿನುಗುತ್ತಿದ್ದ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ತೋರಿಸಿದ. ಕಾರು ಎಲ್ಲಿದೆ ಎಂಬುದು ಇದರಿಂದ ಜಾಗ್ರೆಬ್‌ನವರಿಗೆ ಕಾಣುತ್ತದೆ. ಹೋದ ತಿಂಗಳು ತನ್ನ ಜೊತೆಯವನೊಬ್ಬ ದಾರಿಯಲ್ಲಿ ಅತ್ತೆಮನೆಗೆ ಹೋಗಿ ಊಟ ಮಾಡಿ ಬಂದದ್ದಕ್ಕೆ ಕೆಲಸ ಕಳೆದುಕೊಂಡ ಎಂದ. ವಿಚ್ಕೊ ನೀವೆಸ್‌ಗೆ ಫೋನು ಹಚ್ಚಿಸಿದ. ಅದು ಬಡಿದುಕೊಂಡಿತು, ಬಡಿದುಕೊಂಡಿತು, ಸುಮ್ಮನಾಯಿತು. ಮತ್ತೆ ಹಚ್ಚಿಸಿದ. ಆಗ ಅವನಿಗೆ ಹೊಳೆಯಿತು. ಮಹಾಮಾತೆಯ ಹಬ್ಬದ ದಿನ ಯಾವ ಕಚೇರಿ ತೆರೆದಿರುತ್ತದೆ? ಈ ದಿನ ಅಂಗಡಿ ತೆರೆಯುವವರನ್ನು ಜೀವಮಾನವೆಲ್ಲ ಬೈದುಕೊಂಡು ಬಂದವನು ತಾನೇ. ಈಗ ಆ ಹುಡುಗಿ ಬಾಗಿಲು ಹಾಕಿಕೊಂಡು ಪೂಜೆಗೆ ಹೋಗಿದ್ದಕ್ಕೆ ಅವಳನ್ನು ಬೈಯುವ ಹಾಗೂ ಇರಲಿಲ್ಲ.

ಅಷ್ಟರಲ್ಲಿ ಯೆಲ್ಕಾಳ ಫೋನು ಬಂತು. ಕೂಸು ಹಿಂದೆ ಅಳುತ್ತಿತ್ತು. ವಿಷಯ ಕೇಳಿ ಅವಳು, ಜಗಳ ಬೇಡ ಅಪ್ಪ, ಜಲಪಾತದ ಹತ್ತಿರ ತಂಪಾಗಿರುತ್ತದೆ, ಓಲೆಯನ್ನು ಮುಂದೆ ಯಾವಾಗಲಾದರೂ ನಾನೇ ಒಯ್ದು ಕೊಡುತ್ತೇನೆ, ಅಮ್ಮ ಅರ್ಥ ಮಾಡಿಕೊಳ್ಳುತ್ತಾಳೆ ಎಂದಳು.

"ಅರ್ಥ ಮಾಡ್ಕೊಳ್ತಾಳೆ. ಬದುಕಿದ್ದಷ್ಟು ದಿನಾನೂ ಅವಳು ಅದನ್ನೇ ಮಾಡಿದ್ದು" ಎಂದು ವಿಚ್ಕೊ, ಇನ್ನು ಕೇಳುವುದು ಬೇಡವಾಗಿ, ಫೋನನ್ನು ಬ್ಲಾಜ್‌ನ ಕೈಗೆ ಕೊಟ್ಟುಬಿಟ್ಟ.

ಕಾರು ಕ್ರ್ಕಾಕ್ಕೆಂದೇ ಹೊರಟಿತು. ಕ್ಲಿಸ್ ಕೋಟೆಯ ಕೆಳಗಿನ ಏರು ಹತ್ತುವಾಗ ವಿಚ್ಕೊ ಜಪಸರ ತೆಗೆದು ಗಟ್ಟಿಯಾಗಿ ಜಪ ಶುರುಮಾಡಿದ. ಭಕ್ತಿ ಅರ್ಧ, ಸಿಟ್ಟು ಅರ್ಧ. ಮುಂದೆ ಕೂತವನಿಗೆ ಕೇಳಲಿ ಎಂದೇ ಒಂದೊಂದು ಶಬ್ದವನ್ನೂ ಕಲ್ಲಿನ ಹಾಗೆ ಎಸೆಯುತ್ತಿದ್ದ. ಮೇನ ಇದ್ದಿದ್ದರೆ, ಮಾತೆಗೆ ಕಿವಿ ಚೆನ್ನಾಗಿದೆ, ಅಷ್ಟು ಕೂಗಬೇಡ ಎಂದು ತೊಡೆ ಚಿವುಟುತ್ತಿದ್ದಳು. ಅವಳು ಕೂರುತ್ತಿದ್ದ ಬದಿಯ ಸೀಟಿನ ಮೇಲೆ ಅವನ ಟೋಪಿಯಿತ್ತು. ಜಪದ ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧ ಇನ್ನೊಬ್ಬರು ಹೇಳಬೇಕು. ನಲವತ್ತಕ್ಕೂ ಹೆಚ್ಚು ವರ್ಷ ಅದನ್ನು ಅವಳು ಹೇಳಿದ್ದಳು. ಅವಳು ಹೋದ ಮೇಲೆ ಎರಡೂ ಅರ್ಧಗಳನ್ನು ತಾನೇ ಹೇಳಿಕೊಳ್ಳುವುದು ವಿಚ್ಕೊಗೆ ಇನ್ನೂ ರೂಢಿಯಾಗಿರಲಿಲ್ಲ. ಮೊದಲರ್ಧ ಮುಗಿಸಿ ನಿಲ್ಲಿಸಿದ.

ಉಳಿದರ್ಧ ಮುಂದಿನ ಸೀಟಿನಿಂದ ಬಂತು. ಬ್ಲಾಜ್ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, ತಾನು ಹೇಳುತ್ತಿದ್ದೇನೆಂಬುದೇ ಗೊತ್ತಿಲ್ಲದವನ ಹಾಗೆ ಹೇಳಿದ. ಇಬ್ಬರೂ ಹಾಗೆಯೇ ಒಂದು ಸುತ್ತು ಮುಗಿಸಿದರು.

"ನಮ್ಮಮ್ಮ ಇವತ್ತು ಅಲ್ಮಾಶ್‌ಗೆ ನಡ್ಕೊಂಡು ಹೋಗ್ತಿದ್ದಾಳೆ" ಎಂದ ಬ್ಲಾಜ್ ಆಮೇಲೆ. "ನಮ್ಮ ಕಡೆ ಮಾತೆ ಇರೋದು ಅಲ್ಲಿ. ಈ ವರ್ಷ ಜೊತೆಗೆ ಬರ್ತೀನಿ ಅಂದಿದ್ದೆ. ರಜಾ ಕೊಡ್ಲಿಲ್ಲ."

ವಿಚ್ಕೊ ಜಪಸರದ ಮುಂದಿನ ಮಣಿಗೆ ಬೆರಳು ಸರಿಸಿದ. ಮಾತಾಡಿದರೆ ಕೆಡುತ್ತದೆಂದು ಅವನಿಗೆ ಗೊತ್ತಿತ್ತು. ದುಗೊಪೋಲ್ಯೆಯ ಬಳಿ ಹೆದ್ದಾರಿಗೆ ಹೊರಳುವ ಕಡೆ ಕಾರು ಸ್ವಲ್ಪ ನಿಧಾನವಾಯಿತು. ಬ್ಲಾಜ್ ಆ ಮಿನುಗುವ ಪೆಟ್ಟಿಗೆಯನ್ನು ನೋಡಿದ, ಕನ್ನಡಿಯಲ್ಲಿ ಮುದುಕನನ್ನು ನೋಡಿದ, ಹೊರಳದೆ ಸೀನ್ಯದ ಕಡೆಗೆ ನೆಟ್ಟಗೆ ಹೋದ. ಕೇಳಿದರೆ ದಾರಿ ತಪ್ಪಿತು ಎನ್ನುತ್ತೇನೆ, ಬಯಲುಸೀಮೆಯವನಿಗೆ ಗುಡ್ಡದ ದಾರಿ ಹೇಗೆ ಗೊತ್ತಾಗಬೇಕು ಎಂದ. ಅಮ್ಮ ಕಳಿಸಿದ ಖಾರದ ಸಾಸೇಜು ಡಬ್ಬಿಯಲ್ಲಿದೆ, ತೆಗೆದುಕೊಳ್ಳಿ ಎಂದೂ ಹೇಳಿದ. ಓಲೆ ಮುಟ್ಟಿಸಿದ ಮೇಲೇ ಏನಾದರೂ ತಿನ್ನುವುದು ಎಂದ ವಿಚ್ಕೊ. ಮೇನ ತೀರಿಕೊಂಡ ಮೇಲೆ ಮೊದಲ ಬಾರಿಗೆ ಅವನಿಗೆ ಹಸಿವಾಗಿತ್ತು.

ಸ್ವಲ್ಪ ದೂರದಲ್ಲೇ ನಡೆಯುವವರು ಕಾಣಿಸಿಕೊಂಡರು. ಮೊದಲು ಇಬ್ಬರು ಮೂವರು, ಆಮೇಲೆ ಸಾಲು, ಆಮೇಲೆ ರಸ್ತೆಯ ತುಂಬ. ಕೊಡೆ ಹಿಡಿದವರು, ಕೂಸು ಹೊತ್ತವರು, ಚಪ್ಪಲಿಯನ್ನು ಕೈಯಲ್ಲಿ ಹಿಡಿದವರು. ರಾತ್ರಿಯೇ ಮನೆ ಬಿಟ್ಟ ಮುಖಗಳು. ದಿತ್ಸ್ಮೊ ಹಳ್ಳಿ ಇನ್ನೂ ಮುಂದಿದೆ ಎನ್ನುವಾಗ ರಸ್ತೆಗೆ ಅಡ್ಡವಾಗಿ ಕಬ್ಬಿಣದ ತಡೆ, ಅದರ ಮುಂದೆ ಪೊಲೀಸಿನವನು. ಅವನು ಗಾಜಿನೊಳಗೆ ಬಗ್ಗಿ, ವಾಹನ ಮುಂದೆ ಬಿಡುವುದಿಲ್ಲ ಎಂದ. ಮೆರವಣಿಗೆ ಮುಗಿದು ಜನ ಚದರುವವರೆಗೆ, ಅಂದರೆ ಮಧ್ಯಾಹ್ನ ಇಳಿಯುವವರೆಗೆ, ಇದು ನಡೆಯುವವರ ದಾರಿ. ಬೇರೆ ಸುತ್ತುದಾರಿಯಿದೆಯೇ ಎಂದು ಬ್ಲಾಜ್ ಕೇಳಿದ. ಆ ಕಡೆಯೂ ಇದೇ ಕಥೆ ಎಂದ ಪೊಲೀಸಿನವನು.

ವಿಚ್ಕೊ ಕಾರಿನಿಂದಿಳಿದು ಕೋಲೂರಿ ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿದ. ಸೊಂಟ ಹೇಳಿದ, ವಯಸ್ಸು ಹೇಳಿದ, ಸತ್ತ ಹೆಂಡತಿಯನ್ನು ಹೇಳಿದ. ಪೊಲೀಸಿನವನು ತಾಳ್ಮೆಯಿಂದ ಕೇಳಿದ. ಬೆಳಗಿನಿಂದ ಇಂಥವೇ ಹತ್ತಾರು ಕೇಳಿದವನ ತಾಳ್ಮೆ ಅದು.

"ಪ್ರತಿ ವರ್ಷ ಇಲ್ಲೇ ಮುಚ್ತೀವಿ ಬಾರ್ಬಾ. ನಿಮ್ಮ ಮಾತು ಕೇಳಿದ್ರೆ ಸ್ಪ್ಲಿಟ್ ಕಡೆಯೋರು ಅನ್ಸತ್ತೆ. ಗೊತ್ತಿಲ್ವಾ ನಿಮಗೆ?"

ಈ ರಸ್ತೆ ವಿಚ್ಕೊಗೆ ಗೊತ್ತಿಲ್ಲವೇ? ಮದುವೆಗೆ ಮುಂಚಿನಿಂದ, ಹೋದ ವರ್ಷದ ಹಿಂದಿನ ವರ್ಷದವರೆಗೆ, ಒಂದು ಹಬ್ಬವನ್ನೂ ಬಿಡದೆ ಮೇನಳ ಜೊತೆ ನಡೆದ ರಸ್ತೆ. ಯಾವ ತಿರುವಿನಲ್ಲಿ ನೆರಳಿದೆ, ಯಾವ ಮನೆಯವರು ನೀರು ಕೊಡುತ್ತಾರೆ, ಎಲ್ಲಿ ಕೂತು ಬೇಯಿಸಿದ ಮೊಟ್ಟೆ ಸುಲಿಯಬೇಕು, ಎಲ್ಲ ಗೊತ್ತು. ಇದೇ ಜಾಗದಲ್ಲಿ ಕಾರುಗಳ ಸಾಲು ನಿಂತಿರುತ್ತಿದ್ದುದೂ ನೆನಪಿದೆ. ಒಳಗೆ ಬೆವರುತ್ತ ಕೂತವರನ್ನು ನೋಡಿ, ತಾಯಿಯ ಹತ್ತಿರ ಹೋಗೋಕೂ ಇವರಿಗೆ ಚಕ್ರ ಬೇಕೇನೇ ಎಂದು ಮೇನಳಿಗೆ ಹೇಳಿ ನಕ್ಕು ಮುಂದೆ ಹೋಗಿದ್ದ. ಅವರು ಯಾಕೆ ನಿಂತಿದ್ದಾರೆಂದು ಒಂದು ವರ್ಷವೂ ಕೇಳಿರಲಿಲ್ಲ. ನಡೆಯುವವನಿಗೆ ಕಾರಿನ ದಾರಿಯ ಗೊಡವೆ ಯಾಕೆ? ಕಚೇರಿಯವರೊಡನೆ ಅಷ್ಟು ದಿನ ಗುದ್ದಾಡಿದ, ನೀವೆಸ್‌ಳಿಂದ ಸುಳ್ಳು ಬರೆಸಿದ, ಈ ಬಡಪಾಯಿ ಬ್ಲಾಜ್‌ನ ಕೆಲಸಕ್ಕೆ ಕುತ್ತು ತಂದ. ಬೀದಿಯಲ್ಲಿ ಯಾವ ಕಾರಿನವನನ್ನು ಕೇಳಿದ್ದರೂ ಹೇಳುತ್ತಿದ್ದ ಮಾತು ಅವನಿಗೊಬ್ಬನಿಗೇ ಗೊತ್ತಿರಲಿಲ್ಲ. ಬೈಯಲು ಈಗ ತನ್ನ ಹೊರತು ಬೇರೆ ಯಾರೂ ಉಳಿದಿರಲಿಲ್ಲ.

ಬ್ಲಾಜ್‌ನ ಫೋನು ಬಡಿದುಕೊಳ್ಳತೊಡಗಿತ್ತು. ಹಬ್ಬದ ದಿನವೂ ಜಾಗ್ರೆಬ್‌ನಲ್ಲಿ ಆ ಪೆಟ್ಟಿಗೆಯನ್ನು ನೋಡುತ್ತ ಯಾರೋ ಕೂತಿದ್ದರು. ಸಂಜೆ ಅಲ್ಲಿ ಬ್ಲಾಜ್ ಇನ್ನೊಬ್ಬರನ್ನು ಹತ್ತಿಸಿಕೊಳ್ಳಬೇಕಿತ್ತು. ಮಧ್ಯಾಹ್ನದವರೆಗೆ ಕಾಯುವುದು ಆಗದ ಮಾತು. ಅವನು ಫೋನನ್ನು ಎತ್ತದೆ ಸೀಟಿನ ಮೇಲೆ ಬೋರಲು ಹಾಕಿದ. ವಿಚ್ಕೊ ತಡೆಯನ್ನು ದಾಟಿ ನಡೆಯತೊಡಗಿದ.

ಅವನು ಎಷ್ಟೋ ದೂರ ನಡೆದೆನೆಂದುಕೊಂಡು ತಿರುಗಿ ನೋಡಿದಾಗ ಪೊಲೀಸಿನವನ ಮೀಸೆ ಇನ್ನೂ ಕಾಣುತ್ತಿತ್ತು. ಸೊಂಟದೊಳಗೆ ಕಾದ ಸಲಾಕೆ ಇಟ್ಟಂತಿತ್ತು. ರಸ್ತೆಯ ಪಕ್ಕದ ಕಲ್ಲಿನ ಗೋಡೆಯ ಮೇಲೆ ಕುಸಿದು ಕೂತ. ಅಲ್ಲಿ ಹಳ್ಳಿಯ ಹೆಂಗಸರು ಮೇಜು ಹಾಕಿ ನಡೆಯುವವರಿಗೆ ಕಲ್ಲಂಗಡಿ ಹೋಳು ಕೊಡುತ್ತಿದ್ದರು. ಅವನಿಗೂ ಕೊಡಲು ಬಂದರು. ನಾನು ನಡೆದು ಬಂದವನಲ್ಲ ಎಂದು ಕೈ ಹಿಂದಕ್ಕೆಳೆದುಕೊಂಡ.

ಅದೇ ಗೋಡೆಯ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಕೂತು ಪಾದಗಳಿಗೆ ನೀರು ಸುರಿದುಕೊಳ್ಳುತ್ತಿದ್ದಳು. ಚಪ್ಪಲಿ ಇರಲಿಲ್ಲ, ಕೈಯಲ್ಲೂ ಇರಲಿಲ್ಲ. ಹಿಮ್ಮಡಿ ಒಡೆದು ರಕ್ತ ಒಣಗಿತ್ತು. ಅವಳು ವಿಚ್ಕೊನ ಸೂಟನ್ನು ಮೇಲಿಂದ ಕೆಳಗೆ ನೋಡಿ, "ಈ ಬಿಸಿಲಲ್ಲಿ ಮದುವೆ ಗಂಡಿನ ಹಾಗೆ ಹೊರಟಿದ್ದೀರಲ್ಲ ಬಾರ್ಬಾ, ಹೆಣ್ಣು ಎಲ್ಲಿ?" ಎಂದಳು.

ಹೆಣ್ಣು ಸ್ಪ್ಲಿಟ್‌ನ ಮಣ್ಣಿನಲ್ಲಿದ್ದಾಳೆ ಎಂದು ಅವನು ಹೇಳಿದ. ಅವಳು ನೀರಿನ ಬಾಟಲಿಯನ್ನು ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡಳು. ಕ್ಷಮಿಸಿ ಎನ್ನಲಿಲ್ಲ; ಪಕ್ಕಕ್ಕೆ ಸರಿದು ಕೂತಳು, ಅಷ್ಟೆ.

ಪ್ರತಿ ಹಬ್ಬದ ಮುನ್ನಾದಿನ ಅವರ ಕಟ್ಟಡದ ಮೆಟ್ಟಿಲುಗಳಲ್ಲಿ ನಡೆಯಲಾರದವರು ಬಾಗಿಲು ತಟ್ಟುತ್ತಿದ್ದರು. ಒಬ್ಬಳು ಮೇಣದಬತ್ತಿ ಕೊಡುತ್ತಿದ್ದಳು, ಒಬ್ಬ ಜೈಲಿನಲ್ಲಿದ್ದ ಮಗನ ಹೆಸರು ಹೇಳುತ್ತಿದ್ದ. ಮೇಲಿನ ಮನೆಯ ಕುರುಡಿ ಮುದುಕಿ ಏನನ್ನೂ ಕೊಡದೆ ಮೇನಳ ಕೈಯನ್ನು ಒಮ್ಮೆ ಒತ್ತಿ ಬಿಡುತ್ತಿದ್ದಳು. ಮೇನ ಎಲ್ಲವನ್ನೂ ಹೊತ್ತು ಬಂದು ಒಂದನ್ನೂ ಮರೆಯದೆ ಮಾತೆಗೆ ಒಪ್ಪಿಸುತ್ತಿದ್ದಳು. ಹೊರುವವರ ಮನೆಯವನಾಗಿದ್ದ ವಿಚ್ಕೊಗೆ, ತಾನೂ ಒಂದು ದಿನ ಬಾಗಿಲು ತಟ್ಟುವವನಾದೇನೆಂದು ತೋಚಿರಲೇ ಇಲ್ಲ. ತೋಚಿದ್ದರೆ ನಿನ್ನೆಯೇ ಅವರ ಬೀದಿಯಿಂದ ಹೊರಟವರಿದ್ದರು, ಗುರುತಿನವರಿದ್ದರು. ಈಗ ಪಕ್ಕದಲ್ಲಿ ಇರುವವಳು ಊರು ಹೆಸರು ಗೊತ್ತಿಲ್ಲದ ಹೆಂಗಸು, ಕೊಡಬೇಕಾದದ್ದು ಚಿನ್ನ. ಅವನು ಜೇಬಿಗೆ ಕೈ ಹಾಕಿದ, ತೆಗೆದ, ಮತ್ತೆ ಹಾಕಿದ. ಅವಳು ಎದ್ದು ನಿಂತು ಲಂಗ ಕೊಡವಿಕೊಂಡಾಗ ಬೇರೆ ದಾರಿಯಿಲ್ಲದೆ, ಇದನ್ನು ಒಯ್ದು ಮಾತೆಯ ಮುಂದೆ ಇಡುತ್ತೀಯಾ ಎಂದು ಕೇಳಿಬಿಟ್ಟ.

ಅವಳು ಕರವಸ್ತ್ರದೊಳಗಿನದನ್ನು ನೋಡಿ ಹಿಂದೆ ಸರಿದಳು. "ಬತ್ತಿ ಆಗಿದ್ರೆ ಒಯ್ತಿದ್ದೆ ಬಾರ್ಬಾ. ಇದು ಚಿನ್ನ. ದಾರೀಲಿ ಏನಾದ್ರೂ ಆದ್ರೆ ನಾನೇ ತಿಂದೆ ಅಂತಾರೆ. ಬೇರೆ ಯಾರನ್ನಾದ್ರೂ ಕೇಳಿ."

ಬೆಳಗಿನಿಂದ ಕೇಳಿದ ಇಲ್ಲಗಳೆಲ್ಲ ಒಟ್ಟಿಗೆ ಎದೆಗೆ ಬಂದು ನಿಂತವು. ಕೂಗಬೇಕೆನಿಸಿತು ವಿಚ್ಕೊಗೆ. ಕೂಗುವ ಶಕ್ತಿ ಇರಲಿಲ್ಲ.

"ಬರಿಗಾಲಲ್ಲಿ ಒಯ್ತೀನಿ ಅಂದಿದ್ಳು ಅವಳು" ಎಂದ. "ನಾನು ಕಾರಲ್ಲಿ ತಂದೆ. ತಾಯಿ ಬೇಡ ಅಂದ್ಲು, ಇನ್ನೇನು."

ಹೆಂಗಸು ತನ್ನ ಪಾದಗಳನ್ನು ನೋಡಿಕೊಂಡಳು. ನಡೆಯುವವರು ಅವಳನ್ನು ಬಳಸಿಕೊಂಡು ಮುಂದೆ ಹೋಗುತ್ತಿದ್ದರು. ಕೊನೆಗೆ ಕೈ ಚಾಚಿ ಗಂಟನ್ನು ತೆಗೆದುಕೊಂಡು ಎದೆಯ ಹತ್ತಿರ ಸಿಕ್ಕಿಸಿಕೊಂಡಳು.

"ಯಾರ ಹೆಸರು ಹೇಳ್ಲಿ?"

"ಫಿಲೊಮೆನಾ" ಎಂದ ವಿಚ್ಕೊ. ಮತ್ತೆ, "ಮೇನ ಅಂತಾನೇ ಹೇಳು. ಮಾತೆಗೂ ಅವಳಿಗೂ ಹಾಗೇ ಸಲಿಗೆ."

ಅವಳು ತಲೆಯಾಡಿಸಿ ಹೊರಟಳು. ಬಿಳಿಯ ತಲೆವಸ್ತ್ರ ಸ್ವಲ್ಪ ದೂರ ಕಂಡಿತು. ಮುಂದೆ ಬಿಳಿಯ ತಲೆವಸ್ತ್ರಗಳು ಹಲವಿದ್ದವು. ಅವಳ ಹೆಸರನ್ನೂ ಊರನ್ನೂ ಕೇಳಲಿಲ್ಲವೆಂದು ಆಗ ಹೊಳೆದು, ವಿಚ್ಕೊ ಹಣೆಗೆ ಹೊಡೆದುಕೊಂಡ.

ಹಿಂದೆ ಬ್ಲಾಜ್ ಬಂದು ನಿಂತಿದ್ದ. ಓಡಿಹೋಗಿ ಕೇಳಿಕೊಂಡು ಬರಲೇ ಎಂದ. ವಿಚ್ಕೊ ದಾರಿಯನ್ನು ನೋಡಿದ. ಕೇಳಿಕೊಂಡು ಬಂದರೆ ಆಮೇಲೆ ಫೋನು ಮಾಡಿ ವಿಚಾರಿಸಬೇಕೆನಿಸುತ್ತದೆ. ವಿಚಾರಿಸಿದರೆ ಅವಳನ್ನು ನಂಬಲಿಲ್ಲವೆಂದಾಗುತ್ತದೆ. ಮೆಟ್ಟಿಲ ಮೇಲೆ ನಿಂತು ಮೇಣದಬತ್ತಿ ಕೊಟ್ಟವರು ಯಾರೂ, ಹಚ್ಚಿದೆಯಾ ಎಂದು ಮೇನಳನ್ನು ಮರುದಿನ ಕೇಳಿರಲಿಲ್ಲ. ಅವರಿಗೆ ಅದು ಇಷ್ಟು ಕಷ್ಟವಾಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

"ಬೇಡ" ಎಂದು ಬ್ಲಾಜ್‌ನ ತೋಳು ಹಿಡಿದು ಕಾರಿನ ಕಡೆ ನಡೆದ.

ಕಾರನ್ನು ಹಿಂದಕ್ಕೆ ತಿರುಗಿಸಲು ಜಾಗವಿರಲಿಲ್ಲ. ಸ್ಪ್ಲಿಟ್ ಕಡೆಯಿಂದ ಬರುವವರು ಇನ್ನೂ ಬರುತ್ತಲೇ ಇದ್ದರು; ಗುಂಪು ಎರಡಾಗಿ ಒಡೆದು ಕಾರಿನ ಎರಡೂ ಬದಿಯಿಂದ ಹರಿದುಹೋಗುತ್ತಿತ್ತು. ಬ್ಲಾಜ್‌ನ ಕೈ ಹಾರ್ನಿನ ಮೇಲೆ ಹೋಯಿತು.

"ಹಾರ್ನ್ ಹಾಕ್ಬೇಡ" ಎಂದ ವಿಚ್ಕೊ. "ಅವರು ಹೋಗ್ಲಿ."

ಬ್ಲಾಜ್ ಎಂಜಿನ್ ಆರಿಸಿದ. ಫೋನು ಮತ್ತೆ ಬಡಿದುಕೊಂಡಿತು. ಇಬ್ಬರೂ ಕಿಟಕಿ ಇಳಿಸಿ, ಬೆವರು ಒರೆಸಿಕೊಳ್ಳುತ್ತ, ನಡೆಯುವವರು ಮುಗಿಯುವುದನ್ನೇ ಕಾದು ಕೂತರು.